ಜ್ಯೋತಿಲಕ್ಷ್ಮಿಯ ಸೋಮವಾರ

ಬೈರಾಪಟ್ಟಣದ ಜ್ಯೋತಿಲಕ್ಷ್ಮಿಗೆ ಗಾಲ್ಫ್ ಹುಚ್ಚು ಹಿಡಿದಿದೆ ಎಂದರೆ ಊರಿನಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ ಹೇಳಿ? ನಲವತ್ತು ದಾಟಿದ ಹೆಂಗಸು, ಗಾಲ್ಫ್ ಮೈದಾನಕ್ಕೆ ಹೋಗುವುದು ಕಳೆ ಕೀಳುವುದಕ್ಕೆ. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು, ತಲೆಗೆ ಟವೆಲು. ಬೆಳಗಿನ ಬಸ್ಸು ಹತ್ತಿದರೆ ರಾಮನಗರ ದಾಟಿ ಇಳಿಯುವಳು. ಅಲ್ಲಿನ ಹುಲ್ಲು ಅಷ್ಟು ಒಪ್ಪವಾಗಿ ಬೆಳೆದಿದ್ದರೆ ಅದರ ಹಿಂದೆ ಅವಳ ಮತ್ತು ಅವಳ ಜೊತೆಗಾತಿಯರ ಸೊಂಟನೋವಿದೆ. ಆಡುವವರು ಮಾತ್ರ ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುವವರು.

ಒಂದು ದಿನ ಲಂಟಾನ ಪೊದೆಯ ಬುಡದಲ್ಲಿ ಯಾರೋ ಕಳೆದುಕೊಂಡ ಚೆಂಡು ಸಿಕ್ಕಿತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಏನು ತೋಚಿತೋ ಏನೋ, ಗುದ್ದಲಿಯ ಬೆನ್ನು ತಿರುಗಿಸಿ ಒಂದು ಬಿಟ್ಟಳು ನೋಡಿ! ಚೆಂಡು ಬೇಲಿಯಾಚೆಯ ಮಾವಿನ ಮರದ ನೆತ್ತಿ ಹಾರಿ ಹೋಯಿತು. ಅವಳ ಎದೆ ಹೊಡೆದುಕೊಂಡ ರೀತಿಗೆ ಅವಳಿಗೇ ನಾಚಿಕೆಯಾಯಿತು. ಖುಷಿಯೆಂದರೆ ಖುಷಿ, ಮದುವೆಯಾದ ಮೇಲೆ ಅಂಥದ್ದೊಂದು ಖುಷಿ ತನಗೆ ಆಗಿಯೇ ಇರಲಿಲ್ಲ ಎಂದು ಅವಳೇ ಆಮೇಲೆ ಹೇಳಿಕೊಂಡಳು. ಗಂಡ ಅನಂತರಾಜು ಪಕ್ಕದಲ್ಲೇ ಕೂತು ಕೇಳಿಸಿಕೊಂಡ, ಪಾಪ.

ಆ ಮೈದಾನದಲ್ಲಿ ಒಂದು ಪದ್ಧತಿಯಿದೆ. ಆಯುಧಪೂಜೆಯ ಮರುದಿನ, ವಿಜಯದಶಮಿಗೆ, ಕೆಲಸಗಾರರದೇ ಒಂದು ಪಂದ್ಯ. ಒಂದು ಕಬ್ಬಿಣದ ಕೋಲು, ಗುಳಿಯ ಹತ್ತಿರ ಚೆಂಡು ಉರುಳಿಸಲು ಒಂದು ಪಟರ್, ಮೂರು ಗುಳಿ. ಕಡಿಮೆ ಏಟಿನಲ್ಲಿ ಮೂರೂ ಗುಳಿಗೆ ಚೆಂಡು ಹಾಕಿ ಮುಗಿಸಿದವರು ಗೆದ್ದಂತೆ. ಸೋಮವಾರ ಮೈದಾನಕ್ಕೆ ರಜೆಯಲ್ಲವೇ? ಗೆದ್ದವರು ಮುಂದಿನ ದಸರೆಯವರೆಗೆ ಪ್ರತಿ ಸೋಮವಾರ ಅಲ್ಲಿ ಮನಸೋ ಇಚ್ಛೆ ಆಡಬಹುದು. ಹುಲ್ಲು ಕತ್ತರಿಸುವ ಗಾಡಿ ಓಡಿಸುವ ದೇವರಾಜು ಕೆಲವು ವರ್ಷಗಳಿಂದ ಆ ಸೋಮವಾರಗಳನ್ನು ತನ್ನ ಸ್ವಂತ ಜಮೀನಿನಂತೆ ಅನುಭವಿಸುತ್ತಿದ್ದ. ಹೆಂಗಸರು ಆಡಬಾರದು ಎಂದು ಯಾರೂ ಹೇಳಿರಲಿಲ್ಲ. ಆಡುತ್ತೇನೆ ಎಂದು ಯಾರೂ ಕೇಳಿರಲೂ ಇಲ್ಲ.

ಜ್ಯೋತಿಲಕ್ಷ್ಮಿಗೆ ಆ ಸೋಮವಾರ ಬೇಕಾಗಿತ್ತು. ತಾನು ಬೆಳೆಸಿದ ಹುಲ್ಲಿನ ಮೇಲೆ ಬಗ್ಗದೆ, ತಲೆಯೆತ್ತಿಕೊಂಡು ನಡೆದು ಒಂದು ದಿನವಾದರೂ ಆಡಬೇಕು. ಆಸೆ ಎಂದರೆ ಅಷ್ಟೇ.

ಹೊಸಬರಿಗೆ ಆಟ ಕಲಿಸುವ ಓವೈಸ್ ಚನ್ನಪಟ್ಟಣದವನು, ಅವಳಿಗಿಂತ ಚಿಕ್ಕವನು. ಊಟದ ಹೊತ್ತಿನಲ್ಲಿ ಅವನ ಹತ್ತಿರ ಹೋಗಿ, "ನಂಗೂ ಒಸಿ ಹೇಳ್ಕೊಡಪ್ಪ" ಎಂದಳು. ಅವನು ನಗಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಏಳನೇ ನಂಬರಿನ ಕೋಲು ತಂದು ಕೊಟ್ಟ. ಇವಳು ಥೂ ಥೂ ಎಂದು ಎರಡೂ ಅಂಗೈಗೆ ಉಗಿದುಕೊಂಡು, ಕೈ ದೂರ ದೂರ ಇಟ್ಟು, ಕೋಲಿನ ಕತ್ತು ಹಿಸುಕಿದಳು.

"ಅಯ್ಯೋ ಅಕ್ಕ! ಬಾವಿ ತೋಡಕ್ಕೆ ಬಂದಿದ್ದೀಯಾ?" ಎಂದ ಓವೈಸ್. "ಅಂಗೈಯಾಗ್ ಅಲ್ಲ, ಬೆರಳಾಗ್ ಹಿಡ್ಕೋ. ಎಡಗೈ ಮ್ಯಾಲೆ, ಬಲಗೈ ಅದ್ರ ಕೆಳಗೆ ಅಂಟ್ಕೊಂಡಿರ್ಬೇಕು. ಎರಡೂ ಸೇರಿ ಒಂದೇ ಕೈ ಅನ್ಕೋ."

"ಸಡಿಲ ಬುಟ್ರೆ ಹಾರೋಗಲ್ವೇನಪ್ಪಾ?"

"ನಿಮ್ಮಪ್ಪನ ಮನೇಲಿ ರೇಷ್ಮೆ ಸಾಕ್ತಿದ್ರು ಅಂತಿದ್ದೆಯಲ್ಲ. ಹಣ್ಣಾದ ಹುಳ ಎತ್ತಿ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬುಡೋವಾಗ ಹೆಂಗ್ ಹಿಡೀತಿದ್ದೆ?"

ಅವಳ ತವರು ಕನಕಪುರದಾಚೆ ಉಯ್ಯಂಬಳ್ಳಿ. ಹುಳ ಹಿಸುಕಿದರೆ ಗೂಡು ಹೋಯಿತು, ಬೀಳಿಸಿದರೆ ಅವ್ವನ ಬೈಗುಳ ತಪ್ಪಿದ್ದಲ್ಲ. ಅಂಥ ಮನೆಯಲ್ಲಿ ಬೆಳೆದವಳು. ಬೆರಳುಗಳು ತಾವಾಗಿಯೇ ಮೆತ್ತಗಾದವು. ಕೋಲು ಬೀಳಲೂ ಇಲ್ಲ.

ನಿಲ್ಲುವುದು ಇನ್ನೊಂದು ಫಜೀತಿ. ನಾಟಿ ಹಾಕುವವಳಂತೆ ಸೊಂಟದಿಂದ ಚೆನ್ನಾಗಿಯೇ ಬಗ್ಗುತ್ತಿದ್ದಳು, ಆದರೆ ಮಂಡಿ ಎರಡೂ ಬಿದಿರು ಗಳ. ಭಾರವೆಲ್ಲ ಕಾಲ್ಬೆರಳ ಮೇಲೆ. ಹೊಡೆದ ಮೇಲೆ ಅವಳೂ ಚೆಂಡಿನ ಹಿಂದೆಯೇ ಮುಗ್ಗರಿಸುತ್ತಿದ್ದಳು. "ಬಸ್ಸಾಗೆ ಯಾರೋ ಎದ್ದೇಳ್ತಾವ್ರೆ ಅಂದ್ರೆ ಸೀಟಿಗೆ ಒಸಿ ಇಳಿದು ನಿಂತ್ಕತೀಯಲ್ಲಕ್ಕ, ಅಷ್ಟು ಮಂಡಿ ಬಗ್ಲಿ. ಪಾದದ ನಡೂಮಧ್ಯಕ್ಕೆ ಭಾರ ಬರ್ಲಿ. ಚೆಂಡು ಎರಡು ಕಾಲಿನ ನಡುವೆ" ಎಂದ ಓವೈಸ್. ಬಸ್ಸಿನ ಸೀಟಿನ ವಿಷಯ ಅವಳಿಗೆ ಹೇಳಿಕೊಡಬೇಕೇ? ಅದು ಒಂದೇ ದಿನಕ್ಕೆ ಬಂತು.

ಬಾರದೆ ಸತಾಯಿಸಿದ್ದು ಕೋಲು ಹಿಂದಕ್ಕೆ ಒಯ್ಯುವ ಬ್ಯಾಕ್‌ಸ್ವಿಂಗು. ಸೌದೆ ಸೀಳುವವಳಂತೆ ನೆತ್ತಿಯ ಮೇಲಕ್ಕೆ ಎತ್ತಿ ಧಡ್ ಎಂದು ಬಡಿಯುವಳು. ಹುಲ್ಲು ಹೆಂಟೆಹೆಂಟೆಯಾಗಿ ಏಳುವುದು, ಚೆಂಡು ಅಲ್ಲೇ ಇರುವುದು. ಆ ಹುಲ್ಲನ್ನು ಮತ್ತೆ ಕೂರಿಸುವ ಕೆಲಸವೂ ಅವಳದೇ! ಭುಜ ತಿರುಗಿಸು, ಭುಜ ತಿರುಗಿಸು ಎಂದು ಓವೈಸ್ ಬಾಯಿ ಒಣಗಿಸಿಕೊಂಡ. ದಾರಿ ಸಿಕ್ಕಿದ್ದು ಬೈರಾಪಟ್ಟಣದಲ್ಲಿ, ಪಕ್ಕದ ಮನೆ ಗಂಗಯ್ಯನ ತಾರಸಿ ಹಾಕುವ ದಿನ. ಸಾಲಾಗಿ ನಿಂತವರು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದರು. ಜ್ಯೋತಿಲಕ್ಷ್ಮಿಯೂ ನಿಂತಳು. ಬಲಕ್ಕೆ ತಿರುಗಿ ಈಸಿಕೊಳ್ಳುವುದು, ಎಡಕ್ಕೆ ತಿರುಗಿ ಕೊಡುವುದು. ಕಾಲು ನಿಂತಲ್ಲೇ, ತಿರುಗುವುದು ಮೈ. ಅರ್ಧ ತಾರಸಿ ಮುಗಿಯುವ ಹೊತ್ತಿಗೆ ಅವಳಿಗೆ ಹೊಳೆಯಿತು. "ಅಯ್ ಇದೇಯಾ!" ಎಂದು ಕೂಗಿದ ರಭಸಕ್ಕೆ ಬಾಂಡ್ಲಿ ಗಂಗಯ್ಯನ ಕಾಲ ಮೇಲೆ ಬೀಳುವುದರಲ್ಲಿತ್ತು. ಆವತ್ತು ಸಂಜೆಯೇ ಹಿತ್ತಲಲ್ಲಿ ಕೋಲು ಹಿಡಿದು, ಬಲಕ್ಕೆ ಬಾಂಡ್ಲಿ ಈಸಿಕೊಂಡು ಎಡಕ್ಕೆ ಕೊಟ್ಟಳು. ಚೆಂಡು ಟಣ್ ಎಂದು ಹುಣಸೆ ಮರ ದಾಟಿತು.

ಇನ್ನು ಅವಳ ಅತ್ತೆ ಹನುಮಂತಮ್ಮ. ಸೊಸೆಗೆ ತಲೆ ಕೆಟ್ಟಿದೆ ಎಂದು ಊರಿಗೆಲ್ಲ ಸಾರಿದ ಮುದುಕಿಯೇ ಆಯುಧಪೂಜೆಯ ದಿನ ಕುಡುಗೋಲು, ಮಚ್ಚು, ಗುದ್ದಲಿಯ ಸಾಲಿನಲ್ಲಿ ಜಾಗ ಮಾಡಿ, "ಆ ನಿನ್ ಕೋಲೂ ಆಯ್ದವೇ ತಾನೆ? ತಂದಿಡು ಇಲ್ಲಿ" ಎಂದಳು. ಜ್ಯೋತಿಲಕ್ಷ್ಮಿ ಓಡಿಹೋಗಿ ಕೋಲು ತಂದಿಟ್ಟಳು. ಹಿಗ್ಗಿನಲ್ಲಿ ಹರಳೆಣ್ಣೆಗೆ ಕುಂಕುಮ ಕಲಸಿ ತುದಿಯಿಂದ ಬುಡದವರೆಗೆ ಬಳಿದಳು, ರಬ್ಬರಿನ ಹಿಡಿಯನ್ನೂ ಬಿಡಲಿಲ್ಲ. ಗುದ್ದಲಿಯ ಮರದ ಕಾವಾದರೆ ಎಣ್ಣೆ ಕುಡಿಯುತ್ತದೆ. ರಬ್ಬರು ಕುಡಿಯುತ್ತದೆಯೇ? ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲವಾದ್ದರಿಂದ ಪರೀಕ್ಷಿಸಿ ನೋಡುವ ಮಾತೂ ಇರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಜ್ಯೋತಿಲಕ್ಷ್ಮಿ ಪಂದ್ಯಕ್ಕೆ ತನ್ನ ಹೆಸರೂ ಬರೆಸಿದಳು. ಕಳೆ ಕೀಳುವ ಹೆಂಗಸರೆಲ್ಲ ಹೂ ಮುಡಿದು ಸಾಲಾಗಿ ನಿಂತಿದ್ದರು. ದೇವರಾಜು, "ಜ್ಯೋತಕ್ಕಾ, ಹೊಡೆದ ಮ್ಯಾಲೆ ಹಳ್ಳ ಮುಚ್ಚಕ್ಕೆ ಮಣ್ಣು ತಂದಿದ್ದೀಯಾ?" ಎಂದು ಛೇಡಿಸಿದ. ಎಲ್ಲರೂ ನಕ್ಕರು. ಅವಳು ಕೋಲು ಹಿಂದಕ್ಕೊಯ್ದಳು, ಅದು ಕೈಯಲ್ಲಿ ಮೀನಿನಂತೆ ಜಾರಿತು. ಜಾರಿದ್ದೇ ತಡ, ಗಾಬರಿಯಲ್ಲಿ ಮುಷ್ಟಿ ಬಿಗಿಯಾಯಿತು, ಹಳೇ ಗುದ್ದಲಿಯ ಹಿಡಿತ ವಾಪಸು ಬಂತು. ಚೆಂಡು ಪೊದೆಗೆ ಹೋಯಿತು. ಮೊದಲ ಗುಳಿ ಮುಗಿಯುವ ಹೊತ್ತಿಗೆ ಅವಳು ದೇವರಾಜುವಿಗಿಂತ ಎರಡು ಏಟು ಹಿಂದೆ.

ಅಂಗೈ ನೋಡಿಕೊಂಡಳು. ಕೆಂಪೋ ಕೆಂಪು. ಆಗ ಅರ್ಥವಾಯಿತು, ನಿನ್ನೆಯ ಎಣ್ಣೆ ಕುಂಕುಮ. ಒರೆಸಿಬಿಟ್ಟರೆ ಸರಿಹೋಗುತ್ತದೆ, ಆದರೆ ಮುತ್ತೈದೆ ಹಬ್ಬದ ದಿನ ಕುಂಕುಮ ಅಳಿಸುವುದುಂಟೇ? ಓವೈಸ್ ಎಲ್ಲ ಕಂಡ. ಅದು ತಾನು ಬಾಯಿ ಹಾಕುವ ವಿಷಯವಲ್ಲವೆಂದು ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ಕೋಲು ತಗೋ ಜ್ಯೋತಕ್ಕ" ಎಂದ ದೇವರಾಜು. ಒಳ್ಳೆಯ ಮನಸ್ಸಿನಿಂದಲೇ ಅಂದ, ಸುಳ್ಳು ಹೇಳಬಾರದು. ಪೂಜೆ ಮಾಡಿದ ಆಯುಧ ಬಿಟ್ಟು ಇನ್ನೊಬ್ಬರದಕ್ಕೆ ಕೈ ಚಾಚುವ ಪೈಕಿಯಲ್ಲ ಅವಳು.

ಕಣ್ಣು ಮುಚ್ಚಿ ಕಬ್ಬಾಳಮ್ಮನನ್ನು ನೆನೆದಳು. "ತಾಯಿ, ಅಳಿಸ್ತಾ ಇಲ್ಲ. ಈ ಕಡೆಯಿಂದ ಆ ಕಡೆಗೆ ಇಟ್ಕೊತಾ ಇವ್ನಿ. ಕ್ವಾಪ ಮಾಡ್ಕಬ್ಯಾಡ" ಎಂದು ಹಿಡಿಯ ಕುಂಕುಮವನ್ನು ಬೆರಳಿನಿಂದ ಬಳಿದು ಹಣೆಗೆ, ತಾಳಿಗೆ ಹಚ್ಚಿಕೊಂಡಳು. ಉಳಿದ ಎಣ್ಣೆಗೆ ಒಣಮಣ್ಣು ಉಜ್ಜಿ, ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದಳು. ಹಣೆಯ ತುಂಬ ಕುಂಕುಮ ಮೆತ್ತಿಕೊಂಡು ತಿರುಗಿದವಳನ್ನು ನೋಡಿ ಯಾರೂ ನಗಲಿಲ್ಲ.

ಎರಡನೇ ಗುಳಿಯಲ್ಲಿ ಚೆಂಡು ಹೇಳಿದಂತೆ ಕೇಳಿತು. ದೇವರಾಜು ಅವಸರಕ್ಕೆ ಬಿದ್ದು ಮರಳಿನ ಹೊಂಡಕ್ಕೆ ಹೊಡೆದು ಎರಡು ಏಟು ಕಳೆದುಕೊಂಡ. ಇಬ್ಬರೂ ಸಮ! ಉಳಿದವರೆಲ್ಲ ಆಗಲೇ ಹಿಂದೆ ಬಿದ್ದಿದ್ದರು. ಹೆಂಗಸರ ಸಾಲಿನಿಂದ ಎದ್ದ ಶಿಳ್ಳೆ ಯಾರದೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ.

ಮೂರನೆಯದು ಕೆರೆಯ ಮೇಲಿಂದ ಹೊಡೆಯುವುದು. ಅವಳದೇ ಮೊದಲ ಸರದಿ. ಬೆರಳು ಹಗುರ, ಮಂಡಿ ಸಡಿಲ, ಬೆನ್ನು ನಿಧಾನಕ್ಕೆ ಬಲಕ್ಕೆ ತಿರುಗಿತು. ಒಂದು ಕ್ಷಣ ನಿಂತು ಎಡಕ್ಕೆ ಬಂತು. ಏಟು ಬಿದ್ದದ್ದು ಕೈಗೆ ಗೊತ್ತೇ ಆಗಲಿಲ್ಲ. ಚೆಂಡು ನೀರು ದಾಟಿ, ಗುಳಿಯ ಬಾವುಟದ ಬುಡಕ್ಕೆ ಒಂದು ಮೊಳದಲ್ಲಿ ನಿಂತಿತು. ದೇವರಾಜುವಿನದೂ ನೀರು ದಾಟಿತು, ಆದರೆ ದೂರ ಬಿತ್ತು. ಅವನಿಗೆ ಮೂರು ಏಟು. ಅವಳು ಎರಡನೆಯದಕ್ಕೇ ಚೆಂಡು ಗುಳಿಗೆ ಉರುಳಿಸಿದಳು, ಕೋಲು ಎಸೆದು ಅಲ್ಲೇ ಕುಣಿದಳು. ಅತ್ತಳು ಕೂಡ. "ಸೋತೆ ಕಣಕ್ಕಾ, ಆದ್ರೂ ಸಿವಾ, ಏನ್ ಹೊಡೆದ್ಬುಟ್ಟೆ!" ಎಂದು ದೇವರಾಜುವೇ ಮೊದಲು ಚಪ್ಪಾಳೆ ತಟ್ಟಿದ.

ಬಹುಮಾನ ಕೊಡುವ ಹೊತ್ತಿಗೆ ಮೈದಾನದ ಮ್ಯಾನೇಜರು ನಗುನಗುತ್ತಾ ಒಂದು ದೊಡ್ಡ ಡಬ್ಬ ಎತ್ತಿಕೊಂಡು ಬಂದರು. ಎರಡನೆಯವರಿಗೆಂದು ತಂದಿಟ್ಟಿದ್ದ ಮಿಕ್ಸಿ. "ಜ್ಯೋತಿಲಕ್ಷ್ಮಿಯವರೇ, ಸೋಮವಾರದ ಆಟ ನಿಮಗೇನು ಉಪಯೋಗ? ಅದು ದೇವರಾಜುಗೇ ಇರಲಿ. ನೀವು ಇದನ್ನು ತಗೊಳ್ಳಿ, ಮನೆಗೆ ಆಗುತ್ತೆ" ಎಂದರು. ಚಪ್ಪಾಳೆ ತಟ್ಟುತ್ತಿದ್ದ ಕೈಗಳೆಲ್ಲ ನಿಂತವು.

ಜ್ಯೋತಿಲಕ್ಷ್ಮಿ ಡಬ್ಬವನ್ನು ಎರಡೂ ಕೈಯಲ್ಲಿ ಈಸಿಕೊಂಡಳು. ಪಕ್ಕಕ್ಕೆ ತಿರುಗಿ ದೇವರಾಜುವಿನ ಕೈಗೆ ಇಟ್ಟಳು.

"ಇವ್ನ ಹೆಂಡ್ರು ಬೋ ದಿವ್ಸದಿಂದ ಮಿಕ್ಸಿ ಕೇಳ್ತಾವ್ಳೆ ಸಾ," ಎಂದಳು. "ನಾನ್ ಗೆದ್ದಿರೋದು ಸೋಮವಾರ. ಗೇಟು ಎಷ್ಟೊತ್ತಿಗೆ ತೆಗೀತೀರಾ, ಅದನ್ನೇಳಿ."