ಪಡದಾ ಕಟ್ಟಿದ ಟಾಂಗಾ

ಧಾರವಾಡದ ಟಾಂಗಾ ಸ್ಟ್ಯಾಂಡಿನಲ್ಲಿ ಗೌಸಮೊದ್ದೀನನಷ್ಟು ಮಾತುಗಾರ ಇನ್ನೊಬ್ಬನಿರಲಿಲ್ಲ. ಕೆಲಗೇರಿ ಕೆರೆಗೆ ಸವಾರಿ ಸಿಕ್ಕರಂತೂ ಮುಗಿಯಿತು, ಕೆರೆಯನ್ನು ತಾನೇ ಕಟ್ಟಿಸಿದವನ ಹಾಗೆ ದಾರಿಯುದ್ದಕ್ಕೂ ಅದರ ಗುಣಗಾನ. ಕುದುರೆಗೂ ಅದು ಬಾಯಿಪಾಠವಾಗಿದ್ದಿರಬೇಕು.

ಹೆಂಡತಿ ರಸೂಲಬಿಯನ್ನು ಮಾತ್ರ ಒಮ್ಮೆಯೂ ಅಲ್ಲಿಗೆ ಕರೆದೊಯ್ದಿರಲಿಲ್ಲ. ಆಕೆ ಅಮ್ಮಿನಬಾವಿಯವಳು, ಊರ ಕೆರೆಯಲ್ಲಿ ಎಮ್ಮೆಯ ಮೈ ತಿಕ್ಕುತ್ತ, ಈಜುತ್ತ ಬೆಳೆದವಳು. ಹಳ್ಳಿಯಲ್ಲಿ ಇಲ್ಲದ, ಪರಗಂಡಸರ ಕಣ್ಣಿಗೆ ಬೀಳಬಾರದೆಂಬ ಪಡದಾ ಪೇಟೆಯ ಓಣಿಗೆ ಬಂದ ಮೇಲೆ ಬೇಕಾಯಿತು, ಯಾಕೆಂದರೆ ದೊಡ್ಡ ಮನೆತನದ ಹೆಂಗಸರು ಹಾಗಿರುತ್ತಿದ್ದರು, ಗಂಡನಿಗೆ ಅವರ ಸಮ ಆಗುವ ಆಸೆ. ಕೆರೆ ತೋರಿಸಿರೆಂದು ಕೇಳಿದಾಗಲೆಲ್ಲ ಆತ ಸವಾರಿಯ ನೆಪ ಹೇಳುತ್ತಿದ್ದ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಆಕೆಗೆ ಕ್ಷಯ ಅಂಟಿತು. ಡಾಕ್ಟರು ಕೈಚೆಲ್ಲಿದರು. ಆಗ ಪುಣ್ಯಾತ್ಮನಿಗೆ ಕೆರೆ ನೆನಪಾಯಿತು.

ಒಂದು ಸಂಜೆ ಟಾಂಗಾದಲ್ಲಿ ಹಾಸಿಗೆ ಹಾಸಿ, ಸುತ್ತ ಪಡದಾ ಕಟ್ಟಿ, ಆಕೆಯನ್ನು ಮಲಗಿಸಿಕೊಂಡು ಹೊರಟ. ಕೆರೆ ತುಂಬಿತ್ತು. ಆದರೆ ರಸ್ತೆಯ ಬದಿಗೆ ಸ್ಟ್ಯಾಂಡಿನ ಗೆಳೆಯರು ಬೀಡಿ ಸೇದುತ್ತ ನಿಂತಿದ್ದರು. ಪಡದಾ ಬಿಚ್ಚಲು ಎತ್ತಿದ ಕೈ ಹಾಗೇ ಇಳಿಯಿತು. ಬದಲಿಗೆ ಬಾಯಿ ಬಿಚ್ಚಿದ. ನೀರು ಎಲ್ಲಿಯವರೆಗೆ ಬಂದಿದೆ, ಯಾವ ಹಕ್ಕಿ ಕೂತಿದೆ, ಹೊತ್ತು ಎಲ್ಲಿ ಮುಳುಗುತ್ತಿದೆ, ಎಲ್ಲ ಹೇಳಿದ.

ಒಳಗಿನಿಂದ ಸಣ್ಣ ದನಿ ಬಂತು. "ಛಂದ ಹೇಳ್ತೀರಿ. ಒಂದೀಟು ಪಡದಾ ಸರಸ್ರಿ, ನಾನೂ ನೋಡ್ತೇನಿ."

"ಮಂದಿ ಅದಾರ. ನಾಳಿ ನಸಕಿನ್ಯಾಗ ಬರೂಣು, ಯಾರೂ ಇರೂದಿಲ್ಲ."

ಆಕೆ ಹೂಂ ಅಂದಳು. ವಾದಿಸುವ ತ್ರಾಣ ಎಲ್ಲಿತ್ತು. ಮರುದಿನ ನಸುಕಿಗೆ ಓಣಿಯ ಜನರೆಲ್ಲ ಅವನ ಬಾಗಿಲಲ್ಲಿ ಸೇರಿದ್ದರು, ರಸೂಲಬಿಯನ್ನು ಮಣ್ಣಿಗೆ ಒಯ್ಯಲು.

ಆಮೇಲೆ ಗೌಸಮೊದ್ದೀನ ಕೆರೆಯ ಮಾತೇ ಎತ್ತಲಿಲ್ಲ. ಹೆಂಗಸರು ಪಡದಾದೊಳಗೆ ಕೂತ ಸವಾರಿಯಾದರೆ, ದಂಡೆಗೆ ಬಂದ ಕೂಡಲೇ ಲಗಾಮು ಎಳೆದು ಟಾಂಗಾದ ಹಿಂಬದಿಯನ್ನು ನೀರಿಗೆ ತಿರುಗಿಸುತ್ತಿದ್ದ. ಹಿಂದಿನ ಪಡದಾ ಬಿಚ್ಚಿ, ತಾನು ಕುದುರೆಯ ಮುಂದೆ ಹೋಗಿ ಅವರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ರಸ್ತೆಯ ಮಂದಿಗೆ ಅವರು ಕಾಣುತ್ತಿರಲಿಲ್ಲ, ಅವರಿಗೆ ಕೆರೆಯೆಲ್ಲ ಕಾಣುತ್ತಿತ್ತು.

ಒಮ್ಮೆ ಒಬ್ಬ ಮುದುಕಿ, ಯಾವ ಟಾಂಗಾದವನೂ ಹಿಂಗ ತೋರಿಸಿರಲಿಲ್ಲಪಾ ಎಂದು ಹರಸಿದಳು. ಆತ ಕುದುರೆಯ ಕೊರಳು ಹಿಡಿದುಕೊಂಡೇ ಹೇಳಿದ.

"ನನ್ನಾಕಿ ಇಷ್ಟೇ ಕೇಳಿದ್ಲರಿ. ಟಾಂಗಾ ತಿರುವಿದ್ರ ಆಗಿ ಹೋಗ್ತಿತ್ತು."