ಡಿಮ್ಮರಿಗೆ ಹಚ್ಚಬ್ಯಾಡ್ರಿ ಅಂದಿದ್ದ ಲೈಟಿನಣ್ಣ

ಅವನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಬೇಯಿಸಿ ಸುಲಿದ ಆಲೂಗಡ್ಡೆಯ ಹಾಗೆ ನುಣ್ಣಗಿದ್ದವು. ಸಾವಿರ ವ್ಯಾಟಿನ ಬಲ್ಬು ಉರಿಯುತ್ತಿರುವಾಗಲೇ ಅದರ ತಗಡಿನ ಡಬ್ಬಿ ಹಿಡಿದು ತಿರುಗಿಸಿ ತಿರುಗಿಸಿ ಚರ್ಮದ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಕೈಗೆ ಅರಿವೆಯಾದರೂ ಸುತ್ತಿಕೋ ಅಂದರೆ, "ಬೆರಳಿಗೆ ಬಿಸಿ ತಾಕಬೇಕು ತಂಗೆಮ್ಮ. ಇಲ್ಲಾಂದ್ರ ಯಾವ ಡಬ್ಬಿ ಹೆಚ್ಚಿಗಿ ಕಾದೈತಿ ಅಂತ ನನಗ ಹೆಂಗ ಗೊತ್ತಾಗಬೇಕು?" ಅನ್ನುತ್ತಿದ್ದ.

ಅವನ ಊರು ಕೊಟ್ಟೂರು. ನಾಟಕದ ಹೆಣ್ಣುಮಕ್ಕಳಾದ ನಾವೆಲ್ಲ ಅವನನ್ನು ಲೈಟಿನಣ್ಣ ಎಂದೇ ಕರೆಯುತ್ತಿದ್ದೆವು. ತೊಂಬತ್ತರ ದಶಕದಲ್ಲಿ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಎಲ್ಲಿ ನಾಟಕವಿದ್ದರೂ ನಾನು ಹರಪನಹಳ್ಳಿಯಿಂದ ಬಸ್ಸು ಹಿಡಿದು ಹೋಗಿ ಇಳಿಯುವಷ್ಟರಲ್ಲಿ ಅವನು ಬಂದಿರುತ್ತಿದ್ದ. ಸ್ಟೇಜಿನ ಕಬ್ಬಿಣದ ಕಂಬ ಒಂದೊಂದಕ್ಕೂ ಟೆಸ್ಟರ್ ಮುಟ್ಟಿಸುತ್ತ ಓಡಾಡುತ್ತಿದ್ದ. ಅದು ಮುಗಿಯುವ ತನಕ ನಮ್ಮನ್ನು ಮೇಲೆ ಹತ್ತಗೊಡುತ್ತಿರಲಿಲ್ಲ. ನಾಟಕ ಆಡಿಸುವವರು ತಡವಾಯಿತೆಂದು ಬೈದರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಒಮ್ಮೆ ಒಂದು ಊರಿನಲ್ಲಿ ಕಮಿಟಿಯ ನಾಲ್ಕು ಜನ ಅವನ ಬಳಿ ಬಂದು, ಹಾಡು ಬಂದಾಗ ನನ್ನ ಸೊಂಟದ ಮೇಲೆ ಕೆಂಪು ಲೈಟು ಬಿಡು ಎಂದು ಹೇಳಿದ್ದರು. "ಆಕಿ ಮಾತಾಡೋದು ಬಾಯಿಲೇರಿ. ಬೆಳಕು ಮಕದ ಮ್ಯಾಗ ಇರತೈತಿ" ಎಂದು ಹೇಳಿ ಅವರಿಗೆ ಬೆನ್ನು ತಿರುಗಿಸಿ ಕೂತಿದ್ದ. ಮುಂದಿನ ವರ್ಷ ಆ ಊರಿನವರು ಅವನನ್ನು ಕರೆಯಲಿಲ್ಲ. ಈ ಮಾತನ್ನು ನನಗೆ ಹೇಳಿದ್ದು ಹಾರ್ಮೋನಿಯಂನವರು. ಅವನು ಒಂದು ದಿನವೂ ಬಾಯಿಬಿಡಲಿಲ್ಲ.

ಇಂಥವನ ಮೇಲೆ ಅಜಾಗರೂಕ ಎಂದು ಬರೆದರಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಎಲ್‌ಇಡಿ ಲೈಟುಗಳು ಅದಾಗಿ ಹದಿನೈದಿಪ್ಪತ್ತು ವರ್ಷಕ್ಕೆ ನಮ್ಮ ಕಡೆ ಆಗತಾನೇ ಕಾಲಿಟ್ಟಿದ್ದವು. ನಾನು ಪಾತ್ರ ಮಾಡುತ್ತಿದ್ದ ಸಂಘವೊಂದರ ಕಾರ್ಯದರ್ಶಿ ತಮ್ಮ ಸಭಾಭವನಕ್ಕೆ ಹನ್ನೆರಡು ಹೊಸ ಲೈಟು ತರಿಸಿದರು. ಭವನದಲ್ಲಿ ಹಳೇ ಡಿಮ್ಮರ್ ಪೆಟ್ಟಿಗೆಗಳಿದ್ದವು. ಗುಂಡಿ ಮೇಲೆ ಕೆಳಗೆ ಸರಿಸಿದರೆ ಹಳೇ ಬಲ್ಬುಗಳ ಬೆಳಕು ಏರುತ್ತಿತ್ತು, ಇಳಿಯುತ್ತಿತ್ತು. ಹೊಸ ಲೈಟುಗಳನ್ನೂ ಅವಕ್ಕೇ ಹಚ್ಚಬಹುದು ಎಂದು ಮಾರಿದವನು ಹೇಳಿ ಹೋಗಿದ್ದ.

ಲೈಟಿನಣ್ಣ ಹೊಸ ಲೈಟಿನ ರಟ್ಟಿನ ಡಬ್ಬಿಯೊಳಗಿದ್ದ ಇಂಗ್ಲಿಷ್ ಪುಸ್ತಕವನ್ನು ಮನೆಗೆ ಒಯ್ದು, ಓಣಿಯ ಹೈಸ್ಕೂಲ್ ಮೇಷ್ಟ್ರಿಂದ ಎರಡು ಸಲ ಓದಿಸಿಕೊಂಡು ಬಂದ. ಡಿಮ್ಮರಿಗೆ ಜೋಡಿಸಕೂಡದು ಎಂದು ಅದರಲ್ಲಿ ದಪ್ಪಕ್ಷರದಲ್ಲೇ ಅಚ್ಚಾಗಿತ್ತು. ನನಗೆ ತಿಳಿಸಿ ಹೇಳಿದ: "ಹಳೇ ಬಲ್ಬು ಅಂದ್ರ ಬರೇ ತಂತಿ. ಡಿಮ್ಮರ್ ಕರೆಂಟು ತುಂಡು ತುಂಡು ಮಾಡಿ ಕೊಟ್ರೂ ಪಾಪ, ಕಮ್ಮಿ ಉರಕೊಂತ ಇರತೈತಿ. ಇದು ಹಂಗಲ್ಲ. ಒಳಗ ಸರ್ಕೀಟ್ ಐತಿ. ಅದಕ್ಕ ಪೂರಾ ಕರೆಂಟು ನೇರ ಲೈನಿನಿಂದ ಕೊಡಬೇಕು. ಬೆಳಕು ಎಷ್ಟು ಬೇಕಂತ ಹೇಳಾಕ ಬ್ಯಾರೆ ವಯರು, ಬ್ಯಾರೆ ಕಂಟ್ರೋಲು. ತುಂಡು ಕರೆಂಟು ಕೊಟ್ರ ಮೊದಲು ನಡುಗತೈತಿ, ಆಮ್ಯಾಗ ಸುಡತೈತಿ."

ಇದನ್ನೇ ಕಾರ್ಯದರ್ಶಿಗೂ ಹೇಳಿದ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ಅವರು ಕಣ್ಣೆತ್ತಿ ನೋಡಲಿಲ್ಲ.

"ನಿನ್ನ ತಗಡಿನ ಡಬ್ಬಿ ಕಾಲ ಮುಗೀತು. ಮಾರಿದವ್ರಿಗಿಂತ ನಿನಗ ಹೆಚ್ಚಿಗಿ ಗೊತ್ತೈತೇನು? ಸುಮ್ನ ಹಚ್ಚು."

"ನಾ ಹಚ್ಚಂಗಿಲ್ರಿ. ಕೆಳಗ ಹೆಣ್ಮಕ್ಕಳು ನಿಂದರ್ತಾರ" ಅಂದ.

ಮಾರಿದವನ ಆಳು ಬಂದು ಹಚ್ಚಿದ. ಅವತ್ತು ಮಧ್ಯಾಹ್ನ ಬಾಗಿಲು, ಕಿಟಕಿ ಮುಚ್ಚಿ ರಿಹರ್ಸಲ್. ಸ್ಟೇಜಿನ ಮೇಲೆ ನಾನು, ಕುಣಿಯುವ ಐದು ಹುಡುಗಿಯರು. ಬೆಳಕು ಅರ್ಧಕ್ಕೆ ಇಳಿಸುತ್ತಲೂ ಲೈಟುಗಳು ಪಟಪಟ ನಡುಗತೊಡಗಿದವು. ಗುಂಯ್ ಎಂಬ ಸದ್ದು. ನನಗೆ ಕಣ್ಣಿಗೆ ಕತ್ತಲೆ ಬಂತು. "ನಿಲ್ಲಸ್ರಪಾ" ಎಂದು ಲೈಟಿನಣ್ಣ ಕೆಳಗಿನಿಂದ ಕೂಗಿದ. "ಹೊಸದು, ಕೂಡಿಕೊಳ್ಳಾಕ ಟೈಮು ಬೇಕು" ಎಂದು ಕಾರ್ಯದರ್ಶಿ ನಕ್ಕರು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ನನ್ನ ತಲೆಯ ಮೇಲಿನ ಲೈಟಿನಿಂದ ಹೊಗೆ ಬಂತು, ಆಮೇಲೆ ಸಣ್ಣ ಉರಿ. ಅದರ ಪಕ್ಕದಲ್ಲೇ ಮಕಮಲ್ಲಿನ ಪರದೆ ಇಳಿಬಿದ್ದಿತ್ತು.

ಲೈಟಿನಣ್ಣ ಕುರ್ಚಿಗಳನ್ನು ದಾಟಿ ಓಡಿ ಮೇನ್ ಸ್ವಿಚ್ ಎಳೆದ. ಕತ್ತಲಾಯಿತು. "ಯಾರೂ ಅಲ್ಲಾಡಬ್ಯಾಡ್ರಿ, ನಿಂತಲ್ಲೇ ನಿಂದರ್ರಿ, ನಾ ಬಂದೆ" ಎನ್ನುತ್ತ ಬ್ಯಾಟರಿ ಬಿಟ್ಟುಕೊಂಡು ಮೇಲೆ ಬಂದು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಇಳಿಸಿದ. ಏಣಿ ಹತ್ತಿ ಬಕೆಟಿನ ಮರಳು ಸುರಿದು ಉರಿ ಆರಿಸಿದ. ಪರದೆಯ ಅಂಚು ಒಂದು ಮೊಳ ಸುಟ್ಟಿತ್ತು, ಅಷ್ಟೆ.

ಎರಡು ದಿನ ಬಿಟ್ಟು ಸಭೆ ಕರೆದರು. ಲೈಟಿನಣ್ಣ ಮೇನ್ ಸ್ವಿಚ್ಚನ್ನು ಒಮ್ಮೆಲೇ ಎಳೆದದ್ದರಿಂದಲೇ ಹೊಸ ಲೈಟು ಸುಟ್ಟುಹೋಯಿತು, ಇದಕ್ಕೆ ಅವನ ಅಜಾಗರೂಕತೆಯೇ ಕಾರಣ ಎಂದು ಕಾರ್ಯದರ್ಶಿ ಪತ್ರ ಬರೆದು ತಂದಿದ್ದರು! ಉರಿ ಹತ್ತಿದ್ದು ಮೊದಲೋ, ಮೇನ್ ಎಳೆದದ್ದು ಮೊದಲೋ? ಅಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಿತ್ತು. ಲೈಟಿನಣ್ಣ ಆ ಪುಸ್ತಕ ಮೇಜಿನ ಮೇಲಿಟ್ಟ.

"ಇಂಗ್ಲಿಷ್ ಓದಾಕ ಬರತೈತೇನಪಾ ನಿನಗ?" ಕಾರ್ಯದರ್ಶಿ ಕೇಳಿದರು. ಇಬ್ಬರು ನಕ್ಕರು.

"ಬರಂಗಿಲ್ರಿ. ಅದಕ್ಕ ಓದಿಸಿಕೊಂಡು ಬಂದೆ. ಓದಾಕ ಬರೋ ನೀವು ಓದಲಿಲ್ಲ."

ಕಾರ್ಯದರ್ಶಿಯ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, "ನೀವು ಸ್ಟೇಜಿನ ಮ್ಯಾಗೇ ಇದ್ರಲ್ಲ, ಏನು ನೋಡಿದ್ರಿ?" ಅಂದರು. ಆ ವರ್ಷದ ನಾಟಕಗಳೆಲ್ಲ ಅವರ ಕೈಯಲ್ಲಿದ್ದವು. ನನ್ನ ಮಗಳು ಹಾಸ್ಟೆಲ್ಲಿನಲ್ಲಿದ್ದಳು. "ಪಾತ್ರದ ಗುಂಗಿನ್ಯಾಗಿದ್ದೆ ರೀ, ನೋಡಲಿಲ್ಲ" ಅಂದೆ.

ಲೈಟಿನಣ್ಣ ನನ್ನ ಮುಖ ನೋಡಲಿಲ್ಲ. ಪುಸ್ತಕ ತೆಗೆದುಕೊಂಡು ಹೊರಗೆ ಹೋದ.

ಆ ವಾರವೇ ಕೊಟ್ಟೂರಿಗೆ ಹೋದೆ. ಅವನು ಅಂಗಳದಲ್ಲಿ ಕೂತು ವಯರು ಸುತ್ತುತ್ತಿದ್ದ. ಅವನ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಚಹ ತಂದಿಟ್ಟು ಒಳಗೆ ಹೋದರು. "ಅಣ್ಣಾ, ನಂದು ತಪ್ಪಾತು" ಅಂದೆ.

"ನಿನ್ನ ಸಂಸಾರ ನನಗ ಗೊತ್ತಿಲ್ಲೇನು? ಬಿಡು. ಆದ್ರ ಉಳಿದ ಲೈಟು ಇನ್ನಾ ಡಿಮ್ಮರಿಗೇ ಅದಾವು. ಅವನ್ನ ತೆಗೆಯೋತನಕ ಕೆಳಗ ನಿಂದರಬ್ಯಾಡ. ಆ ಹುಡಿಗ್ಯಾರನ್ನೂ ನಿಂದರಸಬ್ಯಾಡ."

ತನ್ನ ಹೆಸರಿನ ಬಗ್ಗೆ ಒಂದು ಮಾತಾಡಲಿಲ್ಲ! ಚಿತ್ರ ಬರೆದ ಆ ಕಾಗದವನ್ನು ನನ್ನ ಕೈಗೆ ಕೊಟ್ಟ. ನಾನು ಮರುದಿನ ಕಾರ್ಯದರ್ಶಿಯ ಮುಂದೆ ಅದನ್ನಿಟ್ಟು, ಹೀಗೆ ವಯರು ಬದಲಿಸದಿದ್ದರೆ ನಾನಾಗಲಿ ಹುಡುಗಿಯರಾಗಲಿ ಸ್ಟೇಜು ಹತ್ತುವುದಿಲ್ಲ ಅಂದೆ. ಗೊಣಗಿದರು. ಆದರೆ ಟಿಕೆಟು ಹಂಚಿಯಾಗಿತ್ತು. ಲೈಟುಗಳನ್ನು ಮಾರಿದವನ ಆಳಿಂದಲೇ ನೇರ ಲೈನಿಗೆ ಹಾಕಿಸಿ, ಬೇರೆ ಕಂಟ್ರೋಲರ್ ತರಿಸಿದರು. ಒಂದೂ ನಡುಗಲಿಲ್ಲ. ಮಾರಿದವನ ಆಳಿಗೆ ಶಾಲು ಹೊದಿಸಿದರು. ಪತ್ರ ಮಾತ್ರ ಕಡತದಲ್ಲೇ ಉಳಿಯಿತು. ಅದರ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ, ದೊಡ್ಡ ಭವನಗಳವರು ಅವನನ್ನು ಕರೆಯುವುದನ್ನೇ ಬಿಟ್ಟರು. ಉಜ್ಜಿನಿ ಸುತ್ತಿನ ಹಳ್ಳಿಗಳಲ್ಲಿ ಶಾಲೆಯ ಮಕ್ಕಳ ನಾಟಕಕ್ಕೆ ಬೆಳಕು ಬಿಟ್ಟುಕೊಂಡು ಇದ್ದ. ಮೂರನೆಯ ವರ್ಷ ಕಾಮಾಲೆಯಾಗಿ ತೀರಿಕೊಂಡ.

ಸಂಘದವರು ಸಂತಾಪ ಸಭೆ ಇಟ್ಟರು. "ಹೊಸ ತಂತ್ರಜ್ಞಾನ ತರುವಾಗ ನಮ್ಮ ಜೊತೆ ನಿಂತವರು" ಎಂದು ಅದೇ ಕಾರ್ಯದರ್ಶಿ ಹೊಗಳಿದರು. ನಾನು ಎದ್ದು ನಿಂತೆ. "ಆ ಪತ್ರ ಹರಿದು ಹಾಕಿದ್ರೇನ್ರಿ? ಮೊದಲು ಉರಿ ಹತ್ತಿತು, ಆಮ್ಯಾಗ ಅಣ್ಣ ಮೇನ್ ಎಳೆದ. ನಾನು ಕಣ್ಣಾರೆ ನೋಡೀನಿ. ಅವತ್ತು ಸುಳ್ಳು ಹೇಳಿದೆ" ಅಂದೆ. ಕಾರ್ಯದರ್ಶಿ ಮೌನ ಆಚರಿಸೋಣ ಅಂದರು.

ಹೊರಗೆ ಬಂದಾಗ ಅತ್ತಿಗೆ ನನ್ನ ಕೈ ಹಿಡಿದುಕೊಂಡರು.

"ಚೊಲೋ ಕೇಳಿದಿ ಯವ್ವಾ. ಅವ್ರು ಇದ್ದಾಗ ಕೇಳಿದ್ರ ಅವ್ರೂ ಕೇಳಿಸಿಕೊಂತಿದ್ರು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.