ನೆಪ ಹೊಲಿಯುವ ಮಾವ

ಪ್ರಾಸ್ಟೇಟ್ ಆಪರೇಷನ್ ಆದಮೇಲೆ ಮಾವ ಒಮ್ಮೆಯೂ ಡಾಕ್ಟರಿಗೆ ಮುಖ ತೋರಿಸಿಲ್ಲವಲ್ಲ ಎಂಬ ಚಿಂತೆ ಸೊಸೆಯ ತಲೆ ಕೊರೆಯುತ್ತಿತ್ತು. ದರ್ಜಿ ಮಾವನಿಗೆ ನೆಪಗಳಿಗೇನು ಬರವೇ? ಇವತ್ತು ಯಾರದೋ ಮದುವೆಯ ಕೋಟು, ನಾಳೆ ಕೈಕೊಟ್ಟ ಹೊಲಿಗೆ ಯಂತ್ರ. "ಗುಂಡುಕಲ್ಲಿನ ಹಾಗಿದೀನಿ ಕಣಮ್ಮ, ನೀನು ಮಲಗು" ಎಂದು ಕೂಸನ್ನು ಎತ್ತಿಕೊಳ್ಳುವರು. ಅದರ ಬಟ್ಟೆಯನ್ನೂ ತಾವೇ ಒಗೆದು ಹರವುವರು. ಹೆರಿಗೆಯಾದಮೇಲೆ ಅವಳು ನೆಮ್ಮದಿಯ ನಿದ್ದೆ ಕಂಡದ್ದೇ ಅವರಿಂದ. ಇವತ್ತು ಒಣಗಿದ ಬಟ್ಟೆ ತೆಗೆಯುವಾಗ ಕೂಸಿನ ಲಂಗೋಟಿಗಳ ಮರೆಯಲ್ಲಿ ಅದೇ ಹೂವಿನ ಬಟ್ಟೆಯ, ದೊಡ್ಡವರ ಅಳತೆಯ ನಾಲ್ಕಾರು ಲಂಗೋಟಿಗಳು ಸಿಕ್ಕವು. ಮೂತ್ರ ತಡೆಯಲಾಗದವರು ಯಾವ ಧೈರ್ಯದಲ್ಲಿ ಬಸ್ಸು ಹತ್ತಿಯಾರು? ಅವಳು ಅವನ್ನು ಮಡಚಿಟ್ಟು ಆಸ್ಪತ್ರೆಗೆ ಫೋನ್ ಮಾಡಿದಳು. "ನಾಳೆ ನಮ್ಮ ಮಾವನ್ನ ಆಟೋದಲ್ಲಿ ಕರ್ಕೊಂಡು ಬರ್ತೀನಿ. ಅಲ್ಲಿ ಬಟ್ಟೆ ಬದಲಾಯಿಸೋಕೆ ಜಾಗ ಇದೆಯಾ?" "ಮಗು ಬರ್ತಿದೆಯಾ?" ಎಂದಿತು ಆ ಕಡೆಯ ದನಿ. ಕೂಸನ್ನೆತ್ತಿ ಬಾಗಿಲಲ್ಲೇ ನಿಂತಿದ್ದ ಮಾವನತ್ತ ನೋಡಿ ಅವಳೆಂದಳು, "ಹ್ಞೂ, ಮಗುಗೇ."